ಮೂಗಿನ ಮೇಲಿನ ಕುಂಕುಮ

ನಾನು ಮರ ಕೊಯ್ಯುವ ಒಂದು ಯಂತ್ರ. ಪೆಟ್ರೋಲ್ ಕುಡಿದು, ಹಲ್ಲಿನ ಸರಪಳಿಯನ್ನು ಗಿರ್ರನೆ ತಿರುಗಿಸಿ, ಎಂಥ ದಿಮ್ಮಿಯನ್ನಾದರೂ ತುಂಡು ಮಾಡುವ ಜಾತಿ ನಮ್ಮದು. ನನ್ನ ಸದ್ದು ಕೇಳಿದರೆ ಊರ ನಾಯಿಗಳು ಬಾಲ ಮುದುರಿಕೊಂಡು ಓಡುತ್ತವೆ. ತೊಟ್ಟಿಲ ಕೂಸುಗಳು ಕಿಟಾರನೆ ಚೀರುತ್ತವೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಹುಟ್ಟು ಪುಕ್ಕಲ. ಇಷ್ಟು ಉದ್ದದ ಬದುಕಿನಲ್ಲಿ ನಾನು ಹೆದರದೆ ಕಳೆದ ದಿನ ಬೆರಳೆಣಿಕೆಯಷ್ಟೂ ಇಲ್ಲ.

ಈ ಹೆದರಿಕೆ ಹುಟ್ಟಿದ ಮನೆಯಲ್ಲೇ ಅಂಟಿದ್ದು. ಕಾರ್ಖಾನೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ಜೋಡಿಸಿ, ಒಬ್ಬೊಬ್ಬರ ಹಗ್ಗವನ್ನೂ ಮೂರು ಸಲ ಎಳೆದು ನೋಡುತ್ತಿದ್ದರು. ಮೂರರೊಳಗೆ ಹತ್ತಿಕೊಂಡರೆ ಪೆಟ್ಟಿಗೆಗೆ, ಹತ್ತದಿದ್ದರೆ ಗೋಡೆಯ ಪಕ್ಕದ ಕೆಂಪು ತೊಟ್ಟಿಗೆ. ಆ ತೊಟ್ಟಿಗೆ ಹೋದವರು ಏನಾದರೋ ತಿಳಿಯದು. ಮೊದಲನೇ ಎಳೆತಕ್ಕೆ ನಾನು ಕೆಮ್ಮಿದೆ. ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯದಕ್ಕೆ, ಯಾವ ದೇವರು ಕಣ್ಣು ಬಿಟ್ಟನೋ, ಹತ್ತಿಕೊಂಡೆ. ಅಂದಿನಿಂದ ಯಾರು ನನ್ನ ಹಗ್ಗಕ್ಕೆ ಕೈ ಹಾಕಿದರೂ ಒಂದೇ ಚಿಂತೆ: ಇವತ್ತು ಹತ್ತದೆ ಹೋದರೆ?

ನನ್ನ ಮೈಯ ಒಂದು ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕತೆಯೆಲ್ಲ ಅದರ ಮೇಲೇ ನಿಂತಿದೆ. ಪೆಟ್ರೋಲ್ ಹಾಕುವ ಬಾಯಿಗೆ ನನಗೊಂದು ದುಂಡನೆಯ ಮುಚ್ಚಳವಿದೆ. ಅದರ ನಟ್ಟನಡುವೆ ಸೂಜಿ ತೂರುವಷ್ಟು ಒಂದು ತೂತು. ಒಳಗಿನ ಪೆಟ್ರೋಲ್ ಖರ್ಚಾದಂತೆ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕಲ್ಲ, ಬರುವುದು ಅಲ್ಲಿಂದ. ಅದು ನನ್ನ ಮೂಗು. ನೋಡಲು ಬಂದವರೆಲ್ಲ ನನ್ನ ಹಲ್ಲು ಮುಟ್ಟಿ ನೋಡುತ್ತಾರೆ, ಮೂಗನ್ನು ಕೇಳುವವರಿಲ್ಲ.

ಕೇಳಿದವನು ಒಬ್ಬನೇ, ಮೊಯ್ದು ಕಾಕಾ. ಹುಣಸೂರಿನ ಲಿಂಗರಾಜೇ ಅರಸರ ಮರದ ಡಿಪೋದಲ್ಲಿ ಅವನು ಮರ ಕೊಯ್ಯುವವನು, ವಯನಾಡಿನ ಕಡೆಯವನು. ಅರಸರು ನನ್ನನ್ನು ಕೊಂಡದ್ದೇನೋ ಸರಿ, ಸಾಕಿದವನು ಅವನು. ಆರು ವರ್ಷ ಅವನ ಕೈಯಲ್ಲಿ ದುಡಿದೆ. ದಿಮ್ಮಿಯೊಳಗೆ ಎಲ್ಲಿ ಮೊಳೆ ಅಡಗಿದೆಯೋ, ಎಲ್ಲಿ ಹಲ್ಲು ಮುರಿಯುತ್ತದೋ ಎಂದು ದಿನವೂ ನಡುಗುತ್ತಿದ್ದೆ. ಸಂಜೆ ಅವನು ಬ್ರಷ್ಷಿನಲ್ಲಿ ಮೈ ಉಜ್ಜಿ, ಮುಚ್ಚಳಕ್ಕೆ ಬಾಯಿಟ್ಟು 'ಫೂ' ಎಂದು ಊದಿದಾಗಲೇ ಜೀವ ಬಂದಂತಾಗುತ್ತಿತ್ತು.

ಅವನು ಊರಿಗೆ ಹೋಗುವೆನೆಂದ ವರ್ಷ ಅರಸರು ನನ್ನನ್ನೂ ಮಾರಿದರು. ಕೊಂಡವನು ಅತ್ತಿಕೊಪ್ಪಲಿನ ಮೊಗಣ್ಣ. ಕೈಯಿಂದ ಕೈಗೆ ಕೊಡುವಾಗ ಮೊಯ್ದು ಕಾಕಾ ಒಂದೇ ಮಾತು ಹೇಳಿದ.

"ಗೌಡ್ರೇ, ಬೇರೆ ಎಲ್ಲಾ ಬಿಡಿ. ಇವನ ಮೂಗು ಒಂದು ಕ್ಲೀನ್ ಇಟ್ಕೊಳ್ಳಿ. ಮೂಗು ಕಟ್ಟಿದ್ರೆ ಇವನು ಸತ್ತ."

ಮೊಗಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ ತುದಿ ಮುಂದಕ್ಕೆ ಚಾಚಿಕೊಂಡಿತ್ತು. ಮೂಗು ಎಂದರೆ ಮುಂದಿರುವುದು ತಾನೇ? ಅವನು ಆ ತುದಿಯನ್ನು ತಟ್ಟಿ, "ಆಯ್ತು ಬುಡಿ ಕಾಕಾ, ಮೂಗ ಚೆನ್ನಾಗಿ ಮಡಿಕತೀನಿ" ಎಂದ. ಮೊಯ್ದು ಕಾಕಾ ಆಗಲೇ ಬೆನ್ನು ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ, ನೋಡಲಿಲ್ಲ. ಅಯ್ಯಾ, ಆ ಮೂಗಲ್ಲ, ಈ ಮೂಗು ಎಂದು ಕೂಗಿಕೊಳ್ಳೋಣವೆಂದರೆ ನನಗೆ ಬಾಯಿದ್ದರೂ ಮಾತಿಲ್ಲ. ಅಂದಿನಿಂದ ಮೊಗಣ್ಣ ಪಟ್ಟಿಯ ತುದಿಗೆ ದಿನಾ ಗ್ರೀಸ್ ಬಳಿದ. ನನ್ನಷ್ಟು ಹೊಳೆಯುವ ತುದಿ ಆ ಸೀಮೆಯಲ್ಲೇ ಇರಲಿಲ್ಲ.

ಅತ್ತಿಕೊಪ್ಪಲು ಹೊಗೆಸೊಪ್ಪಿನ ಊರು. ಮನೆಗೊಂದು ಬ್ಯಾರನ್ನು, ಎಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡುಮನೆ. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಆರು ದಿನ ಬೆಂಕಿ ಆರಬಾರದು. ಮೊದಲ ದಿನಗಳಲ್ಲಿ ಎಲೆ ಹಳದಿಯಾಗುತ್ತದೆ, ಆಮೇಲೆ ಒಣಗುತ್ತದೆ, ಕೊನೆಯಲ್ಲಿ ಎಲೆಯ ನಡುದಂಟು ಒಣಗಬೇಕು. ಆ ಕೊನೆಯ ಎರಡು ದಿನ ಕಾವು ಇಳಿಯಿತೋ, ದಂಟಿನ ನೀರು ಎಲೆಗೆ ಹಿಂತಿರುಗಿ ಬಂಗಾರದಂಥ ಸೊಪ್ಪು ಕರ್ರಗಾಗುತ್ತದೆ. ವರ್ಷದ ದುಡಿಮೆ ಒಂದು ಹಗಲಲ್ಲಿ ತಿಪ್ಪೆ ಸೇರುತ್ತದೆ. ಆ ಒಲೆಗೆ ಸೌದೆ ಕೊಯ್ದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪುಕ್ಕಲನಿಗೆ ಎಂಥ ಕೆಲಸ ನೋಡಿ.

ಮೊಗಣ್ಣನ ಹೆಂಡತಿ ಚನ್ನಾಜಮ್ಮ. ಸಣ್ಣ ಆಳು, ಗಟ್ಟಿ ಕೈ. ಬಳೆಗಳ ನಡುವೆ ಸದಾ ನಾಲ್ಕೈದು ಪಿನ್ನು. ಮುಳ್ಳು ಕೀಳಲು, ಸೆರಗು ನಿಲ್ಲಿಸಲು, ಚಿಲಕ ಎಬ್ಬಿಸಲು ಎಲ್ಲಕ್ಕೂ ಅವೇ. ಮೊದಮೊದಲು ನನ್ನನ್ನು ಕಂಡರೆ ದೂರ ನಿಲ್ಲುತ್ತಿದ್ದಳು. ಆಯುಧಪೂಜೆಯ ದಿನ ಮಾತ್ರ ಹತ್ತಿರ ಬಂದಳು. ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಡ್ರಮ್ಮು, ಬ್ಯಾರನ್ನಿನ ಕಾವು ನೋಡುವ ಗಾಜಿನ ಕಡ್ಡಿ, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ನನ್ನನ್ನು ಒಂದು ಮಗ್ಗುಲಿಗೆ ಮಲಗಿಸಿದಳು. ಹಾಗೆ ಮಲಗಿದರೆ ಮುಚ್ಚಳ ಮೇಲೆ ಬರುತ್ತದೆ. ದುಂಡಗೆ, ಮುಖದ ಹಾಗೆ. ಅವಳ ಬೆರಳು ನನ್ನ ಹಣೆ ಎಲ್ಲಿದೆಯೆಂದು ಒಂದು ಗಳಿಗೆ ತಡಕಾಡಿತು. ಆಮೇಲೆ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತಂದು, ನೆಟ್ಟಗೆ ನನ್ನ ಮೂಗಿನ ಮೇಲೆ ಒತ್ತಿ ಇಟ್ಟಳು.

"ನಮ್ಮ ಮನೇಲಿ ಚೆನ್ನಾಗಿ ದುಡಿ ಮಗ," ಎಂದಳು.

ಅಷ್ಟು ಪ್ರೀತಿಯಿಂದ ಇಟ್ಟದ್ದನ್ನು ಬೇಡವೆನ್ನುವುದು ಹೇಗೆ? ಮೂರು ವರ್ಷ ಹೀಗೇ ನಡೆಯಿತು. ಮೇಲಿನ ಬಣ್ಣ ಪೆಟ್ರೋಲ್ ಕೈ ತಗುಲಿ ಎರಡೇ ದಿನಕ್ಕೆ ಅಳಿಸಿಹೋಗುತ್ತಿತ್ತು. ತೂತಿನೊಳಗೆ ಇಳಿದದ್ದು ಅಲ್ಲೇ ಕೂತು ಕಲ್ಲಾಗುತ್ತಿತ್ತು. ವರ್ಷ ವರ್ಷಕ್ಕೂ ನನ್ನ ಉಸಿರು ಸಣ್ಣದಾಗುತ್ತಾ ಬಂತು. ಒಂದು ದಿನ ಇದು ಪೂರ್ತಿ ಕಟ್ಟುತ್ತದೆ, ಅದು ಯಾವ ದಿನವೋ ಎಂಬ ಚಿಂತೆಯಲ್ಲಿ ನಾನು ಸೌದೆ ಕೊಯ್ಯುತ್ತಿದ್ದೆ.

ನಾಲ್ಕನೆಯ ವರ್ಷದ ಶ್ರಾವಣದಲ್ಲಿ ಆ ದಿನ ಬಂದೇಬಿಟ್ಟಿತು.

ಬ್ಯಾರನ್ನಿಗೆ ಕಡ್ಡಿ ಏರಿಸುವಾಗ ಮೊಗಣ್ಣ ಮೇಲಿನ ಅಂತಸ್ತಿನಿಂದ ಕಾಲು ಜಾರಿ ಬಿದ್ದ. ಮೊಣಕಾಲಿನ ಕೆಳಗೆ ಮುರಿಯಿತು. ಆಸ್ಪತ್ರೆಯಲ್ಲಿ ಸಿಮೆಂಟ್ ಪಟ್ಟಿ ಹಾಕಿ ಕಳಿಸಿದರು. ಅವನನ್ನು ಜಗಲಿಯ ಮಂಚದ ಮೇಲೆ ಮಲಗಿಸಿ, ಚನ್ನಾಜಮ್ಮ ಉಳಿದ ಕಡ್ಡಿಗಳನ್ನು ಆಳುಗಳಿಂದ ಏರಿಸಿ, ತಾನೇ ಒಲೆಗೆ ಬೆಂಕಿ ಹಚ್ಚಿದಳು. ಎಲೆ ಮರದಲ್ಲಿ ಕಾಯುವ ಹಣ್ಣಲ್ಲ, ಕಿತ್ತ ಮೇಲೆ ಬೇಯಲೇಬೇಕು. ನಾಲ್ಕು ದಿನ ಒಲೆಬಾಯಿಯ ಹತ್ತಿರವೇ ಊಟ, ಅಲ್ಲೇ ಕೋಳಿನಿದ್ದೆ. ಸೊಪ್ಪು ಹಳದಿ ತಿರುಗಿತ್ತು. ಐದನೆಯ ಬೆಳಿಗ್ಗೆ ಸೌದೆಯ ರಾಶಿ ನೋಡಿದಳು. ಮಧ್ಯಾಹ್ನದವರೆಗೆ ಸಾಲುವಷ್ಟಿತ್ತು. ಪಕ್ಕದಲ್ಲಿ ಕೊಯ್ಯದೆ ಬಿದ್ದಿದ್ದ ಎರಡು ಹುಣಸೆ ದಿಮ್ಮಿ, ಕೊಡಲಿಗೆ ಜಗ್ಗದ ಗಂಟುಮರ. ದಂಟು ಒಣಗಲು ಇನ್ನೂ ಎರಡು ದಿನದ ಬೆಂಕಿ ಬೇಕು.

ಪಕ್ಕದ ಮನೆಯ ಮೈದುನನ ಯಂತ್ರ ಕೇಳಿದಳು. "ನನ್ ಬ್ಯಾರನ್ನೂ ಉರೀತಾ ಅದೆ ಅತ್ಗೆ, ನಾಳೆ ಸಂಜೆ ಬೇಕಾರೆ ತಕ್ಕೊಂಡೋಗು" ಎಂದ. ನಾಳೆ ಸಂಜೆಗೆ ಕೊಯ್ಯುವುದು ಯಾವ ಒಲೆಗೆ?

ಅವಳು ನನ್ನ ಹತ್ತಿರ ಬಂದಳು. ಗಂಡ ಮಾಡುವುದನ್ನು ನೋಡಿ ಗೊತ್ತಿತ್ತು. ಕಾಲಲ್ಲಿ ಹಿಡಿ ಒತ್ತಿ, ಹಗ್ಗ ಎಳೆದಳು. ಎರಡನೇ ಎಳೆತಕ್ಕೇ ಹತ್ತಿಕೊಂಡೆ. ಅವಳ ಮುಖ ಅರಳಿತು, ನನಗೆ ಮಾತ್ರ ಒಳಗೇ ಗೊತ್ತು. ದಿಮ್ಮಿಗೆ ಹಲ್ಲು ಕೊಟ್ಟೆ, ಹುಡಿ ಹಾರಿತು, ಒಂದು ತುಂಡು ಬಿತ್ತು. ಅಷ್ಟರಲ್ಲಿ ಹೊಟ್ಟೆಯೊಳಗಿನ ಪೆಟ್ರೋಲನ್ನು ಯಾರೋ ಹಿಂದಕ್ಕೆ ಎಳೆದು ಹಿಡಿದಂತಾಯಿತು. ಗಾಳಿ ಬರುತ್ತಿಲ್ಲ. ಗಂಟಲು ಒಣಗಿತು. ಒಂದು ಸಲ ಹುಯ್ಯೆಂದು ಜೋರಾಗಿ ಕೂಗಿ, ದಿಮ್ಮಿಯ ಅರ್ಧದಲ್ಲೇ ಹಲ್ಲು ಸಿಕ್ಕಿಸಿಕೊಂಡು ನಿಂತುಬಿಟ್ಟೆ.

ನನ್ನನ್ನು ದಿಮ್ಮಿಯಿಂದ ಬಿಡಿಸಿ, ಹತ್ತು ನಿಮಿಷ ಬಿಟ್ಟು ಎಳೆದಳು. ಹತ್ತಿದೆ. ಈ ಸಲ ಐದೇ ನಿಮಿಷ.

"ಯಾರ್ದೋ ಕಣ್ಣು ಬಿದ್ದದೆ," ಎಂದಳು ಚನ್ನಾಜಮ್ಮ. ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿ ಒಲೆಗೆ ಹಾಕಿದಳು. ಅದಾದರೂ ಪರವಾಗಿಲ್ಲ. ಮತ್ತೆ ಕುಂಕುಮದ ಬಟ್ಟಲು ಹಿಡಿದು ಬಂದಳು! ಬೇಡ ತಾಯಿ, ಬೇಡ ಎಂದು ನನ್ನ ಮೈಯ ಒಂದೊಂದು ಸ್ಕ್ರೂ ಮೊರೆಯಿಟ್ಟಿತು. ಹೆಬ್ಬೆರಳಲ್ಲಿ ಕಾಸಗಲದ ಬೊಟ್ಟನ್ನು ಅಲ್ಲೇ ಒತ್ತಿದಳು. ಇದ್ದಬದ್ದ ಉಸಿರೂ ಅಲ್ಲಿಗೆ ನಿಂತಿತು.

ಮಂಚದ ಮೇಲಿಂದ ಮೊಗಣ್ಣ ಕೂಗಿದ. "ಅಮ್ಮೀ, ಅದ ಇಲ್ಲಿಗೆ ತತ್ತಾ. ನಾನೇಳ್ತೀನಿ, ನೀನು ಬಿಚ್ಚು."

ಜಗಲಿಯ ಮೇಲೆ ಗೋಣಿಚೀಲ ಹಾಸಿ, ಊಟದ ತಟ್ಟೆಯಲ್ಲಿ ಸ್ಕ್ರೂಗಳನ್ನು ಹಾಕುತ್ತಾ ಅವಳು ನನ್ನನ್ನು ಬಿಚ್ಚಿದಳು. ಮೊಗಣ್ಣ ಮೆಕ್ಯಾನಿಕ್ ಅಲ್ಲದಿದ್ದರೂ ತಲೆ ಓಡುವವನು.

"ಮೊದ್ಲು ಪ್ಲಗ್ ತಗಿ. ಒದ್ದೆ ಅದಾ, ಒಣಗದಾ?"

"ಒಣಗಿ ಬೆಳ್ಳಗದೆ ಕಣಿ."

"ಅದ ಇಂಜಿನ್ನಿಗೆ ತಗ್ಲಿಸಿ ಹಗ್ಗ ಎಳಿ. ಕಿಡಿ ಬತ್ತದಾ?"

"ನೀಲಿ ಕಿಡಿ, ಚಟಾರ್ ಅಂತು."

"ಅಂಗಾರೆ ಕಿಡಿ ಸರಿಯಾಗದೆ. ಹಗ್ಗನೂ ಬಿಗಿಯಾಗದೆ. ಪೆಟ್ರೋಲೇ ಸರ್ಯಾಗಿ ಬತ್ತಾ ಇಲ್ಲ."

ಎಷ್ಟು ಸರಿಯಾಗಿ ಹೇಳಿದ! ಬಾಗಿಲವರೆಗೆ ಬಂದೆಯಲ್ಲ, ಇನ್ನೊಂದು ಹೆಜ್ಜೆ ಇಡು ಮಹಾರಾಯ ಎಂದುಕೊಂಡೆ. ಅವನು ಇಟ್ಟ, ಬೇರೆ ಕಡೆಗೆ. ಗಾಳಿ ಸೋಸುವ ಜಾಲರಿ ತೊಳೆಸಿದ. ಸೈಕಲ್ ಕಡ್ಡಿ ಬಗ್ಗಿಸಿ, ಪೆಟ್ರೋಲ್ ಬಾಯೊಳಗಿಂದ ಕಸ ಸೋಸುವ ಪುಟ್ಟ ಗುಂಡನ್ನು ಎಳೆಸಿ ಊದಿಸಿದ. ಗಾಳಿ ಸಲೀಸಾಗಿ ಹೋಯಿತು. ಮುಚ್ಚಳ ಮುಚ್ಚಿ ಎಳೆದರು. ಹತ್ತಿಕೊಂಡೆ. ಇಬ್ಬರೂ ನಕ್ಕರು. ಐದು ನಿಮಿಷಕ್ಕೆ ನಿಂತೆ.

ಇಲ್ಲಿ ಒಂದು ಮೋಸವಿತ್ತು, ಅದು ಗೊತ್ತಿದ್ದವನು ನಾನೊಬ್ಬನೇ. ಏನೇ ರಿಪೇರಿ ಮಾಡಿದರೂ ಒಮ್ಮೆ ಮುಚ್ಚಳ ತೆಗೆಯುತ್ತಿದ್ದರು. ತೆಗೆದೊಡನೆ ಗಾಳಿ 'ಉಸ್' ಎಂದು ಒಳನುಗ್ಗುತ್ತಿತ್ತು, ನಾನು ಹತ್ತಿಕೊಳ್ಳುತ್ತಿದ್ದೆ. ಹತ್ತಿಕೊಂಡದ್ದು ರಿಪೇರಿಯಿಂದಲೇ ಎಂದು ಅವರು ನಂಬುತ್ತಿದ್ದರು. ಮುಚ್ಚಿದ ಐದು ನಿಮಿಷಕ್ಕೆ ಮತ್ತೆ ಅದೇ ಹಾಡು. ನನ್ನಷ್ಟು ಸುಳ್ಳು ಆಸೆ ತೋರಿಸಿದ ಯಂತ್ರ ಇನ್ನೊಂದಿರಲಾರದು. ನಾಚಿಕೆಯಿಂದ ಕುಗ್ಗಿಹೋದೆ.

"ಕಾರ್ಬೊರೇಟರೇ ಸೈ," ಎಂದ ಮೊಗಣ್ಣ.

ಪೆಟ್ರೋಲಿಗೆ ಗಾಳಿ ಬೆರೆಸುವ ಆ ಭಾಗವನ್ನು ಚನ್ನಾಜಮ್ಮ ಬಿಚ್ಚಿದಳು. ಅಕ್ಕಿಕಾಳಿನಷ್ಟು ಸ್ಪ್ರಿಂಗ್ ಒಂದು ಚಂಗನೆ ಹಾರಿ ಅಂಗಳದ ಹುಲ್ಲಿಗೆ ಬಿತ್ತು. ಅದು ಸಿಗದಿದ್ದರೆ ನಾನೂ ಮುಗಿದೆ, ಬ್ಯಾರನ್ನೂ ಮುಗಿಯಿತು. ಮಂಡಿಯೂರಿ ಹುಲ್ಲುಕಡ್ಡಿ ಒಂದೊಂದನ್ನೇ ಎತ್ತಿ ಅರ್ಧ ಗಂಟೆ ಹುಡುಕಿದಳು. ನಡುನಡುವೆ ಎದ್ದು ಓಡಿ, ಬ್ಯಾರನ್ನಿನ ಗಾಜಿನ ಕಿಂಡಿಯಲ್ಲಿ ಕಾವಿನ ಕಡ್ಡಿ ನೋಡಿ ಬರುತ್ತಿದ್ದಳು. ನೂರೈವತ್ತೈದು ಡಿಗ್ರಿ ಇದ್ದದ್ದು ನೂರೈವತ್ತಕ್ಕೆ ಬಂದಿತ್ತು. ಸ್ಪ್ರಿಂಗ್ ಸಿಕ್ಕಿತು. ತೊಳೆದು, ಒರೆಸಿ, ಕೂರಿಸಿ, ಎಳೆದಳು. ಹತ್ತಿದೆ. ಮತ್ತೆ ನಿಂತೆ.

ಮೊಗಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. "ನನ್ ಕಾಲೊಂದು ಸರಿಯಾಗಿದ್ದಿದ್ರೆ..." ಎಂದ.

ಮಧ್ಯಾಹ್ನ ದಾಟಿತ್ತು. ಕೊನೆಯ ಹೊರೆ ಒಲೆಯೊಳಗೆ ಹೋಗಿತ್ತು. ಚನ್ನಾಜಮ್ಮ ಮನೆಯ ಹಳೆಯ ಏಣಿಯನ್ನು ಮುರಿದು ಒಲೆಗಿಟ್ಟಳು, ಆಮೇಲೆ ಕೋಳಿಗೂಡಿನ ಹಲಗೆ. ಕಾವು ನೂರನಲವತ್ತಕ್ಕೆ ಇಳಿಯಿತು. ನನ್ನ ಪಕ್ಕದಲ್ಲೇ ಕುಕ್ಕರಿಸಿ, ಎಣ್ಣೆಗೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಆಗ ನನಗಾದ ಸಂಕಟ ಯಾವ ಮೊಳೆ ತಗುಲಿದಾಗಲೂ ಆಗಿರಲಿಲ್ಲ. ಅವಳ ಕೈಯ ಪ್ರೀತಿಯೇ ನನ್ನ ಮೂಗಿನಲ್ಲಿ ಕೂತು ಅವಳನ್ನು ಅಳಿಸುತ್ತಿತ್ತು.

ಆ ಹೊತ್ತಿಗೆ ಮೂಲೆಯಿಂದ 'ಮ್ಯಾ' ಎಂದಿತು ಕುರಿಮರಿ. ತಾಯಿ ಸತ್ತ ತಬ್ಬಲಿ ಅದು, ಬಾಟ್ಲಿ ಹಾಲಿನ ಮೇಲೆ ಬದುಕಿತ್ತು. ಬೆಳಗಿನಿಂದ ಅದನ್ನು ಯಾರೂ ನೆನೆಸಿರಲಿಲ್ಲ. "ನೀನೊಬ್ಬ ಬಾಕಿ ಇದ್ದೆ," ಎಂದು ಬೈದುಕೊಳ್ಳುತ್ತಲೇ ಚನ್ನಾಜಮ್ಮ ಬಾಟ್ಲಿಗೆ ಹಾಲು ತುಂಬಿ ರಬ್ಬರ್ ಮೊಲೆ ತಿರುಗಿಸಿ ಅದರ ಬಾಯಿಗಿಟ್ಟಳು. ಹಸಿದ ಮರಿ ಗಬಗಬನೆ ಎಳೆಯಿತು. ಎಳೆದ ರಭಸಕ್ಕೆ ರಬ್ಬರ್ ಒಂದಕ್ಕೊಂದು ಅಂಟಿ, ಹಾಲು ನಿಂತಿತು. ಮರಿ ಬಾಟ್ಲಿಯನ್ನು ತಲೆಯಿಂದ ಗುದ್ದಿತು. ಅವಳು ದಿನಾ ಮಾಡುವಂತೆ ನೋಡದೆಯೇ ಬಿರಡೆಯನ್ನು ಚೂರು ಸಡಿಲಿಸಿದಳು. 'ಉಸ್' ಎಂದು ಗಾಳಿ ಒಳಹೋಯಿತು. ಹಾಲು ಗುಳುಗುಳು ಇಳಿಯಿತು.

ಅವಳ ಕೈ ಅಲ್ಲೇ ನಿಂತಿತು.

ಆ ಸದ್ದನ್ನು ಅವಳು ಬೆಳಗಿನಿಂದ ನಾಲ್ಕು ಸಲ ಕೇಳಿದ್ದಳು, ಕುರಿಮರಿಯ ಹತ್ತಿರ ಅಲ್ಲ. ಬಾಟ್ಲಿ ಅಲ್ಲೇ ಬಿಟ್ಟು ನನ್ನ ಹತ್ತಿರ ಬಂದು ಮುಚ್ಚಳ ತಿರುಗಿಸಿದಳು. 'ಉಸ್' ಎಂದೆ. ಅಷ್ಟು ಗಟ್ಟಿಯಾಗಿ ನಾನು ಎಂದೂ ಹೇಳಿರಲಿಲ್ಲ. ಮುಚ್ಚಳವನ್ನು ಸೆರಗಿನಿಂದ ಒರೆಸಿ ಬಿಸಿಲಿಗೆ ಹಿಡಿದಳು. ನಟ್ಟನಡುವೆ ಎಳ್ಳಿನಷ್ಟು ಕೆಂಪು ಚುಕ್ಕೆ. ಬಳೆಯಿಂದ ಪಿನ್ನು ಬಿಚ್ಚಿ ಚುಚ್ಚಿದಳು. ಒಣಗಿದ ಕುಂಕುಮದ ಹೆಂಟೆ ಪುಡಿಪುಡಿಯಾಗಿ ಅವಳ ಅಂಗೈಗೆ ಉದುರಿತು. ಅದನ್ನು ನೋಡುತ್ತಾ ಅವಳ ಮುಖ ಕಪ್ಪಿಟ್ಟಿತು. ಜಗಲಿಯತ್ತ ಒಮ್ಮೆ ಕಣ್ಣು ಹಾಯಿಸಿದಳು. ಗಂಡ ಗೋಡೆ ನೋಡುತ್ತಲೇ ಇದ್ದ.

"ಅಯ್ಯೋ ನನ್ ಕೈ ಸೇದೋಗ," ಎಂದು ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದಳು. "ಇದು ಹಣೆ ಅಲ್ವಾ ಮಗ? ಮೂಗಾ?"

ಮುಚ್ಚಳಕ್ಕೆ ಬಾಯಿಟ್ಟು 'ಫೂ' ಎಂದು ಊದಿದಳು. ಎಷ್ಟು ವರ್ಷವಾಗಿತ್ತು ಆ ಊದು ಕಂಡು!

ಒಂದೇ ಎಳೆತಕ್ಕೆ ಹತ್ತಿಕೊಂಡೆ. ಐದು ನಿಮಿಷ ಕಳೆಯಿತು. ಅವಳ ಕೈ ನನ್ನ ಹಿಡಿಯ ಮೇಲೆ ಬಿಗಿಯಾಯಿತು, ಇಬ್ಬರೂ ನಿಲ್ಲುವುದನ್ನೇ ಕಾಯುತ್ತಿದ್ದೆವು. ಹತ್ತು ನಿಮಿಷ. ಕಾಲು ಗಂಟೆ. ಅರ್ಧಕ್ಕೆ ನಿಂತಿದ್ದ ದಿಮ್ಮಿ ಇಬ್ಭಾಗವಾಯಿತು. ಎರಡನೆಯದಕ್ಕೆ ಹಲ್ಲಿಟ್ಟೆ. ಹುಣಸೆಯ ಗಂಟುಗಳನ್ನು ಸೌತೆಕಾಯಿಯ ಹಾಗೆ ಕೊಯ್ದೆ. ಹೊತ್ತು ಮುಳುಗುವುದರೊಳಗೆ ಎರಡು ದಿನದ ಸೌದೆ ಅಂಗಳದಲ್ಲಿ ಗುಡ್ಡೆಯಾಗಿತ್ತು. ನೂರಮೂವತ್ತೆಂಟಕ್ಕೆ ಇಳಿದಿದ್ದ ಕಾವು ನಿಧಾನಕ್ಕೆ ಏರಿತು. ಏಳನೆಯ ದಿನ ಬಾಗಿಲು ತೆಗೆದಾಗ ಕೆಳಗಿನ ಅಂತಸ್ತಿನ ಒಂದಷ್ಟು ಎಲೆ ಕಂದಿತ್ತು. ಮಿಕ್ಕದ್ದೆಲ್ಲ ಅರಿಸಿನದ ಬಣ್ಣ.

"ನಾನೇಳ್ನಿಲ್ವಾ, ಕಾರ್ಬೊರೇಟರ್ ಅಂತ?" ಎಂದ ಮೊಗಣ್ಣ ಮೀಸೆ ತಿರುವಿ. "ಮೂಗಂತೂ ನಾನು ದಿನಾ ನೋಡ್ಕತೀನಿ. ಜೊತೆಗೆ ನೀನು ದೊಡ್ಡ ಬೊಟ್ಟು ಇಟ್ಟಲ್ಲ, ಅದಕ್ಕೆ ಕಣ್ಣೂ ಕಳೀತು."

"ಊ ಕಣಿ," ಎಂದಳು ಚನ್ನಾಜಮ್ಮ, ಬಂದ ನಗುವನ್ನು ಕೆಮ್ಮಾಗಿಸಿ. "ನೀವೇಳಿದ್ದೇ ಸರಿ."

ಆ ವರ್ಷದ ಆಯುಧಪೂಜೆಯ ದಿನ ನಾನು ಪಟ್ಟ ಭಯ ಯಾರಿಗೂ ಬೇಡ. ಮತ್ತೆ ಮಗ್ಗುಲಿಗೆ ಮಲಗಿಸಿದಳು. ಕುಂಕುಮದ ಬೆರಳು ಮುಚ್ಚಳದ ನೇರಕ್ಕೆ ಬಂತು, ಹಳೆಯ ಅಭ್ಯಾಸ. ಗಾಳಿಯಲ್ಲೇ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು, ನನ್ನ ಹಿಡಿಯ ಮೇಲೆ ಬೊಟ್ಟಿಟ್ಟಿತು. ಗೋಡೆಗೆ ಮೊಳೆ ಹೊಡೆದು ಆ ಪಿನ್ನನ್ನು ನನ್ನ ತಲೆಯ ಮೇಲೆ ತೂಗುಹಾಕಿದಳು. ಮೊಗಣ್ಣ ಕುಂಟುತ್ತ ಓಡಾಡುವಂತಾದ ಮೇಲೂ ಎಂಟು ದಿನಕ್ಕೊಮ್ಮೆ ಅವಳೇ ಬಂದು ಚುಚ್ಚಿ, ಊದಿ ಹೋಗುತ್ತಿದ್ದಳು. ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಆದರೂ ಪ್ರತಿ ವರ್ಷ ಆ ಬೆರಳು ಇಳಿದು ಬರುವಾಗ, ಮರೆತು ಎಲ್ಲಿ ಅಲ್ಲೇ ಇಟ್ಟುಬಿಡುತ್ತಾಳೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ಬೆರಳು ಹಿಡಿಗೆ ಹೋಯಿತೆಂದರೆ ಇನ್ನೊಂದು ವರ್ಷ ದುಡಿಮೆ ಇದೆ ಎಂದು ಸಮಾಧಾನ. ಹನ್ನೊಂದು ವರ್ಷ ಬೆರಳು ಹಿಡಿಗೇ ಹೋಯಿತು.

ಈಗ ನನ್ನ ಎದೆ ಸವೆದಿದೆ. ಹಗ್ಗ ಎಳೆದರೆ ಬಿಗಿಯಿಲ್ಲ, ಹೊಗೆಯೇ ಹೆಚ್ಚು. ನನ್ನ ಜಾತಿಯ ಸಾಮಾನು ಅಂಗಡಿಗಳಲ್ಲಿ ಸಿಗುವುದಿಲ್ಲವಂತೆ. ಹೋದ ಬೇಸಿಗೆಯಲ್ಲಿ ಮೊಗಣ್ಣ ಕಿತ್ತಳೆ ಬಣ್ಣದ ಹೊಸದೊಂದನ್ನು ತಂದ. ನನ್ನನ್ನು ಗುಜರಿಯವನ ಗಾಡಿಗೆ ಹಾಕುತ್ತಾರೆಂದು ಎಷ್ಟೋ ದಿನ ಕೆಂಪು ತೊಟ್ಟಿಯ ಕನಸು ಕಂಡೆ. ಚನ್ನಾಜಮ್ಮ ಬಿಡಲಿಲ್ಲ, ಬ್ಯಾರನ್ನಿನ ಮೂಲೆಯ ಹಲಗೆಯ ಮೇಲೆ ಇಟ್ಟಳು.

ಈ ಸಲದ ಆಯುಧಪೂಜೆಗೂ ನನ್ನನ್ನು ಇಳಿಸಿ, ಒರೆಸಿ, ಸಾಲಿನಲ್ಲಿ ಮಲಗಿಸಿದಳು. ಹೊಸದರ ಹಿಡಿಯ ಮೇಲೆ ಬೊಟ್ಟಿಟ್ಟಳು. ನನ್ನ ಸರದಿ ಬಂತು. ಬೆರಳು ಹಿಡಿಯತ್ತ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಸೆರಗಿನಲ್ಲಿ ಮುಚ್ಚಳವನ್ನು ಚೆನ್ನಾಗಿ ಒರೆಸಿದಳು. ಆಮೇಲೆ ಹರಳೆಣ್ಣೆಯ ಕುಂಕುಮವನ್ನು, ಮೊದಲ ವರ್ಷ ಇಟ್ಟಷ್ಟೇ ಒತ್ತಿ, ಆ ತೂತಿನ ಮೇಲೆಯೇ ಇಟ್ಟಳು.

ಕೋಲೂರಿಕೊಂಡು ನಿಂತಿದ್ದ ಮೊಗಣ್ಣ ಕೇಳಿದ. "ಅದ್ಯಾಕಮ್ಮಿ, ಹೊಸದಕ್ಕೆ ಹಿಡಿ ಮೇಲೆ, ಹಳೇದಕ್ಕೆ ಮುಚ್ಚಳದ ಮೇಲೆ?"

"ಈಗ ಅದು ಅದರ ಹಣೆ ಕಣಿ," ಎಂದಳು ಚನ್ನಾಜಮ್ಮ. ಗೋಡೆಯ ಪಿನ್ನು ತೆಗೆದು ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು.

ನಾಳೆ ನನ್ನ ಹಗ್ಗ ಎಳೆಯುವವರಿಲ್ಲ. ಹತ್ತದೆ ಹೋದರೆ ಎಂಬ ಆ ಹಳೆಯ ಚಿಂತೆಯನ್ನು ಒಳಗೆಲ್ಲ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಹಣೆಯ ಮೇಲೆ ಕುಂಕುಮ ಇನ್ನೂ ಹಸಿಯಾಗಿದೆ.